ಮನೆಗೆ ಪರಿಮಳ, ಬೆಕ್ಕಿಗೆ ಪ್ರಾಣಸಂಕಟ

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಕೇಳದವರು ಕನ್ನಡನಾಡಿನಲ್ಲಿ ವಿರಳ. ಆದರೆ ಬೆಕ್ಕಿನ ಪ್ರಾಣಕ್ಕೇ ಸಂಕಟ ತರುವ ಚೆಲ್ಲಾಟವೊಂದು ಈಚಿನ ವರ್ಷಗಳಲ್ಲಿ ಮನೆಗಳಲ್ಲಿ ಹಬ್ಬುತ್ತಿದೆ. ಇದರಲ್ಲಿ ಇಲಿಯ ಪಾತ್ರ ಬೆಕ್ಕಿನದು, ಬೆಕ್ಕಿನ ಪಾತ್ರ ಮನೆಯವರದು. ವ್ಯತ್ಯಾಸವಿಷ್ಟೆ: ಇಲ್ಲಿ ಆಡುವವರಿಗೆ ಹಗೆಯಿಲ್ಲ, ತಾವು ಆಡುತ್ತಿದ್ದೇವೆಂಬ ಅರಿವೂ ಇಲ್ಲ.

ಆಷಾಢದ ಒಂದು ಸಂಜೆ, ಜಡಿಮಳೆ ಹಿಡಿದು ಕಿಟಕಿಗಳನ್ನೆಲ್ಲ ಮುಚ್ಚಿಕೊಂಡಿರುವ ಮನೆಯೊಂದನ್ನು ಓದುಗರು ಕಲ್ಪಿಸಿಕೊಳ್ಳಲಿ. ಅಜ್ಜಿ ಮಂಚದ ಮೇಲೆ ಕುಳಿತು ಮಂಡಿನೋವಿಗೆ ನೀಲಗಿರಿ ಎಣ್ಣೆಯನ್ನು ನೀವಿಕೊಳ್ಳುತ್ತಿದ್ದಾರೆ. ಮೊಮ್ಮಗನಿಗೆ ನೆಗಡಿ, ಅವನಿಗೂ ಬಿಸಿನೀರಿನಲ್ಲಿ ಅದೇ ಎಣ್ಣೆಯ ನಾಲ್ಕು ಹನಿಯ ಹಬೆ ಆಗಿದೆ. ನಡುಮನೆಯ ಮೇಜಿನ ಮೇಲೆ, ಸೊಸೆಗೆ ಯಾರೋ ಉಡುಗೊರೆಯಾಗಿ ಕೊಟ್ಟ ವಿದ್ಯುತ್ ಡಿಫ್ಯೂಸರ್ ಸಣ್ಣಗೆ ಗುಂಯ್‌ಗುಡುತ್ತ, ಪುದೀನ ಮತ್ತು ಕಿತ್ತಳೆಯ ಪರಿಮಳವನ್ನು ಮಂಜಿನಂತೆ ಉಗುಳುತ್ತಿದೆ. ಅದರ ಪಕ್ಕದ ಕುರ್ಚಿಯ ಮೆತ್ತೆಯಲ್ಲಿ ಬೆಕ್ಕು ಮುದುಡಿ ಮಲಗಿದೆ. ಅಜ್ಜಿಯ ಕೈ ಬಿಡುವಾದೊಡನೆ ಎದ್ದು ಹೋಗಿ ಅವರ ಮಡಿಲೇರುತ್ತದೆ, ಎಣ್ಣೆಯ ಕೈಯನ್ನು ಎರಡು ಬಾರಿ ನೆಕ್ಕುತ್ತದೆ, ಮತ್ತೆ ನಿದ್ರಿಸುತ್ತದೆ. ಚಿತ್ರದಲ್ಲಿ ಕೊರತೆಯೇನಿದೆ?

ಮರುದಿನ ಬೆಳಗ್ಗೆ ಹಾಲಿನ ಬಟ್ಟಲು ಇಟ್ಟಲ್ಲೇ ಇದೆ. ಬೆಕ್ಕಿನ ಬಾಯಿಂದ ಜೊಲ್ಲು ಸುರಿಯುತ್ತಿದೆ; ನಿಂತರೆ ಹಿಂಗಾಲುಗಳು ತೂರಾಡುತ್ತವೆ.

“ಎಲ್ಲೋ ಹಲ್ಲಿ ತಿಂದಿರಬೇಕಮ್ಮ,” ಎನ್ನುತ್ತಾರೆ ಅಜ್ಜಿ.

“ಇಲ್ಲ ಅತ್ತೆ, ಮಳೆ ಶುರುವಾದ ಮೇಲೆ ಅದು ಸೋಫಾ ಬಿಟ್ಟು ಇಳಿದೇ ಇಲ್ಲವಲ್ಲ,” ಎನ್ನುತ್ತಾಳೆ ಸೊಸೆ.

ಹಲ್ಲಿಯ ಮೇಲೆ, ಪಕ್ಕದ ಮನೆಯ ಇಲಿಪಾಷಾಣದ ಮೇಲೆ, ಕೊನೆಗೆ ದೃಷ್ಟಿಯ ಮೇಲೆಯೂ ಸಂಶಯ ಹೋಗುತ್ತದೆ. ಎಣ್ಣೆಯ ಸೀಸೆಯ ಕಡೆಗೆ ಮಾತ್ರ ಯಾರ ಕಣ್ಣೂ ತಿರುಗುವುದಿಲ್ಲ. ತಿರುಗುವುದಾದರೂ ಹೇಗೆ? ಅದು ಮದ್ದು. ಅಜ್ಜಿಯ ತಾಯಿಯ ಕಾಲದಿಂದಲೂ ಮನೆಯಲ್ಲಿರುವ ಮದ್ದು.

ಈ ಮದ್ದುಗಳ ಸ್ವರೂಪವನ್ನು ಮೊದಲು ತಿಳಿಯಬೇಕು. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ, ಹರಳೆಣ್ಣೆಗಳಿಗೂ ನೀಲಗಿರಿ, ಲವಂಗ, ಪುದೀನಗಳ ಎಣ್ಣೆಗಳಿಗೂ ಹೆಸರಿನಲ್ಲಿ ಮಾತ್ರ ನೆಂಟು. ಒಂದು ತುಂಡು ಕಾಗದದ ಮೇಲೆ ಎರಡರದೂ ಒಂದೊಂದು ಹನಿ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಕೊಬ್ಬರಿ ಎಣ್ಣೆಯ ಜಿಡ್ಡಿನ ಕಲೆ ಮರುದಿನವೂ ಇರುತ್ತದೆ. ನೀಲಗಿರಿ ಎಣ್ಣೆಯ ಹನಿ ಗಾಳಿಯಲ್ಲಿ ಆವಿಯಾಗಿ, ಕಾಗದ ಹೆಚ್ಚುಕಡಮೆ ಮೊದಲಿನಂತಾಗುತ್ತದೆ. ಮೊದಲನೆಯದು ಗಾಣದಲ್ಲಿ ಹಿಂಡಿದ ಕೊಬ್ಬು. ಎರಡನೆಯದು ಹಬೆಯಲ್ಲಿ ಭಟ್ಟಿ ಇಳಿಸಿದ ಸಾರ. ಗಿಡವು ತನ್ನನ್ನು ಮೇಯುವ ಹುಳುವನ್ನೂ ಬೂಷ್ಟನ್ನೂ ಓಡಿಸಲು ಎಲೆ ತೊಗಟೆಗಳಲ್ಲಿ ಕೂಡಿಟ್ಟುಕೊಂಡ ರಾಸಾಯನಿಕವೇ ಬಹುಮಟ್ಟಿಗೆ ಈ ಸಾರ.

ಸಾರವೆಂದರೆ ಎಂಥ ಸಾರ! ಒಂದು ಕಿಲೋ ಗುಲಾಬಿ ತೈಲಕ್ಕೆ 3,000ದಿಂದ 4,000 ಕಿಲೋ ದಳಗಳು ಬೇಕು. ಶ್ರೀಗಂಧದ ನೂರು ಕಿಲೋ ಚೇಗನ್ನು ಅರೆದು ಹಬೆಗೆ ಹಿಡಿದರೆ ದೊರೆಯುವ ಎಣ್ಣೆ ನಾಲ್ಕೈದು ಕಿಲೋ. ಇದು ಕನ್ನಡಿಗರಿಗೆ ಹೊಸ ವಿದ್ಯೆಯಲ್ಲ. ಮೊದಲನೆಯ ಮಹಾಯುದ್ಧದಿಂದಾಗಿ ಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನವೇ ಗಂಧದೆಣ್ಣೆಯ ಕಾರ್ಖಾನೆಯನ್ನು ಸ್ಥಾಪಿಸಿತು. ಅಂದು ರಾಜ್ಯದ ಬೊಕ್ಕಸದ ವಿಷಯವಾಗಿದ್ದ ಸಾರತೈಲ ಇಂದು ಹತ್ತು ಮಿಲಿಲೀಟರಿನ ಪುಟ್ಟ ಕಂದುಬಣ್ಣದ ಸೀಸೆಗಳಲ್ಲಿ, ‘ಪ್ರಕೃತಿದತ್ತ’ ಎಂಬ ಚೀಟಿ ಹೊತ್ತು, ಮನೆಬಾಗಿಲಿಗೇ ಬಂದು ಬೀಳುತ್ತದೆ. ಪ್ರಕೃತಿದತ್ತವಾದುದೆಲ್ಲ ಸೌಮ್ಯವೆಂದು ನಂಬುವವರು ದತ್ತೂರದ ಕಾಯಿಯನ್ನು ನೆನೆಯುವುದು ಒಳ್ಳೆಯದು.

ಮನುಷ್ಯನಿಗಾದರೂ ಈ ಸಾರಗಳು ಹೊಟ್ಟೆಗೆ ಹೋದರೆ ವಿಷವೇ. ಆದರೆ ಹಬೆಯಲ್ಲಿ ಸೇದಿದ, ಚರ್ಮದ ಮೇಲೆ ತೀಡಿದ ಅಲ್ಪ ಪ್ರಮಾಣವನ್ನು ಅವನ ದೇಹ ಸುಲಭವಾಗಿ ಹೊರಹಾಕುತ್ತದೆ. ಬೆಕ್ಕಿಗೆ ಆ ಶಕ್ತಿ ಇಲ್ಲವೇಕೆ?

ಉತ್ತರವಿರುವುದು ಯಕೃತ್ತಿನಲ್ಲಿ. ಯಕೃತ್ತನ್ನು ರೈಲು ನಿಲ್ದಾಣದ ಪಾರ್ಸಲ್ ಕಚೇರಿಗೆ ಹೋಲಿಸಬಹುದು. ರಕ್ತದಲ್ಲಿ ಬಂದಿಳಿಯುವ ಬೇಡದ ಸರಕಿಗೆಲ್ಲ ಅಲ್ಲಿ ಒಂದು ಚೀಟಿ ಅಂಟಿಸಿದರೆ ಮಾತ್ರ ಅದು ಮುಂದಿನ ಬಂಡಿಯನ್ನೇರಿ ಮೂತ್ರದೊಡನೆಯೋ ಪಿತ್ತದೊಡನೆಯೋ ದೇಹವನ್ನು ಬಿಟ್ಟು ಹೋಗುತ್ತದೆ. ಸಾರತೈಲಗಳು ನೀರಿನಲ್ಲಿ ಕರಗುವಂಥವಲ್ಲವಾದುದರಿಂದ ಅವಕ್ಕೆ ಚೀಟಿ ಅಂಟಲೇಬೇಕು. ಸಕ್ಕರೆಯಿಂದ ಹುಟ್ಟಿದ ಗ್ಲೂಕುರೋನಿಕ್ ಆಮ್ಲವೆಂಬ ವಸ್ತುವೇ ಆ ಚೀಟಿ. ಅದನ್ನು ಅಂಟಿಸುವ ಗುಮಾಸ್ತರು ಕಿಣ್ವಗಳು. ಇವರಲ್ಲಿ ಫೀನಾಲ್ ಜಾತಿಯ ವಸ್ತುಗಳನ್ನು ನೋಡಿಕೊಳ್ಳುವ ಮುಖ್ಯ ಗುಮಾಸ್ತನ ಪೀಠ ಬೆಕ್ಕಿನಲ್ಲಿ ಖಾಲಿ. ಪೀಠವಿದೆ, ಹೆಸರಿನ ಫಲಕವೂ ಇದೆ. ಕುಳಿತು ಕೆಲಸ ಮಾಡುವವನಿಲ್ಲ. 2000ನೆಯ ಇಸವಿಯಲ್ಲಿ ಅಮೆರಿಕದ ಮೈಕೇಲ್ ಕೋರ್ಟ್ ಮತ್ತು ಅವರ ಸಹೋದ್ಯೋಗಿ ಗ್ರೀನ್‌ಬ್ಲಾಟ್ ಅವರು ಆ ಕಿಣ್ವವನ್ನು ತಯಾರಿಸಬೇಕಾದ ವಂಶವಾಹಿ ಬೆಕ್ಕಿನಲ್ಲಿ ಕೆಟ್ಟು ನಿರುಪಯುಕ್ತವಾಗಿರುವುದನ್ನು ತೋರಿಸಿಕೊಟ್ಟರು. 2011ರಲ್ಲಿ ಪ್ರಕಟವಾದ ಮುಂದಿನ ಸಂಶೋಧನೆಯಲ್ಲಿ ಮಾರ್ಜಾಲಕುಲದ 18 ಜಾತಿಗಳನ್ನು ಪರೀಕ್ಷಿಸಿದಾಗ ಅಷ್ಟರಲ್ಲಿಯೂ ಅದೇ ಲೋಪ ಕಂಡುಬಂದಿತು. ಗಿಡಮರಗಳ ತಂಟೆಗೆ ಹೋಗದೆ ಶುದ್ಧ ಮಾಂಸಾಹಾರದಲ್ಲಿ ಲಕ್ಷಾಂತರ ವರ್ಷ ಬದುಕಿದ ವಂಶಕ್ಕೆ, ಸಸ್ಯವಿಷಗಳನ್ನು ಕಳೆಯುವ ಗುಮಾಸ್ತನ ಅಗತ್ಯವೇ ಬೀಳದೆ ಆ ಪೀಠ ತೆರವಾಯಿತೆಂದು ವಿದ್ವಾಂಸರ ಊಹೆ. ಮನೆಯ ಬೆಕ್ಕು ಕಾಡಿನ ದೊಡ್ಡ ಬಂಧುಗಳಿಂದ ಗತ್ತನ್ನು ಮಾತ್ರವಲ್ಲದೆ ಈ ಬಡತನವನ್ನೂ ಹಂಚಿಕೊಂಡಿದೆ.

ಇದೇ ಕಾರಣದಿಂದ ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು. ಮನುಷ್ಯನ ಮೈಯಲ್ಲಿ ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿಯುವ ಆಸ್ಪಿರಿನ್, ಬೆಕ್ಕಿನ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದೂವರೆ ದಿನ ತೆಗೆದುಕೊಳ್ಳುತ್ತದೆ. ಇಂದಿನ ಹನಿಯ ಲೆಕ್ಕ ತೀರುವ ಮುನ್ನವೇ ನಾಳೆಯ ಹನಿ ಬಂದು ಸೇರುತ್ತದೆಂಬುದು ಸಾರತೈಲಗಳ ವಿಷಯದಲ್ಲಿಯೂ ಸತ್ಯ. ಲವಂಗ, ತುಳಸಿ, ದಾಲ್ಚಿನ್ನಿ, ಓಮ ಮುಂತಾದುವುಗಳ ತೈಲಗಳಲ್ಲಿ ಫೀನಾಲ್ ಜಾತಿಯ ವಸ್ತುಗಳೇ ಸೇರಿವೆ; ಆದುದರಿಂದ ಅವು ಬಹಳ ಕೆಟ್ಟವು. ನೋವಿನ ಮುಲಾಮುಗಳಿಗೆ ತೀಕ್ಷ್ಣವಾಸನೆ ಕೊಡುವ ವಿಂಟರ್‌ಗ್ರೀನ್ ಎಣ್ಣೆ ಆಸ್ಪಿರಿನ್ನಿನ ಹತ್ತಿರದ ಬಂಧು. ನೀಲಗಿರಿ, ಪುದೀನ, ಕರ್ಪೂರ, ಕಿತ್ತಳೆ ಸಿಪ್ಪೆಯ ಎಣ್ಣೆಗಳು ಬೇರೆ ಜಾತಿಯವಾದರೂ ಬೆಕ್ಕಿಗೆ ಹಿತವಲ್ಲ.

ಎಲ್ಲಕ್ಕಿಂತ ಹೆಚ್ಚು ಅಪಕೀರ್ತಿ ಪಡೆದಿರುವುದು ಮಾತ್ರ ಆಸ್ಟ್ರೇಲಿಯದ ಟೀ ಟ್ರೀ ಎಣ್ಣೆ. ಹೆಸರಿನಲ್ಲಿ ಟೀ ಇದ್ದರೂ ಚಹಾಗಿಡಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ನೇರಿಳೆ, ಲವಂಗ, ಮತ್ತು ಕನ್ನಡಿಗರು ಬೆಟ್ಟದ ಹೆಸರನ್ನೇ ಕೊಟ್ಟು ತಮ್ಮದಾಗಿಸಿಕೊಂಡ ಆಸ್ಟ್ರೇಲಿಯದ ನೀಲಗಿರಿ, ಇವೆಲ್ಲ ಸೇರಿದ ಸಸ್ಯಕುಟುಂಬದ್ದೇ ಅದು. ಮೊಡವೆಗೆ, ತಲೆಹೊಟ್ಟಿಗೆ, ಚರ್ಮದ ತುರಿಕೆಗೆ ಒಳ್ಳೆಯದೆಂದು ಈಗ ಇಲ್ಲಿಯೂ ಮಾರಾಟವಾಗುತ್ತಿದೆ.

ಆ ಎಣ್ಣೆಯ ಒಂದು ದಾರುಣ ಪ್ರಸಂಗ 1998ರಲ್ಲಿ ಅಮೆರಿಕದ ಪಶುವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಮೂರು ಒಳ್ಳೆಯ ತಳಿಯ ಬೆಕ್ಕುಗಳು. ಮೂರಕ್ಕೂ ಮೈತುಂಬ ಚಿಗಟ. ಅದು ಬಿಟ್ಟರೆ ಆರೋಗ್ಯಕ್ಕೆ ಕೊರತೆಯಿರಲಿಲ್ಲ. ರಾಸಾಯನಿಕ ಔಷಧಕ್ಕಿಂತ ಗಿಡದ ಎಣ್ಣೆ ಲೇಸೆಂದು ಯಾರಿಗೆ ತಾನೆ ಅನ್ನಿಸದು? ರೋಮ ಬೋಳಿಸಿ, ಎರಡು ಸೀಸೆ ಶುದ್ಧ ಟೀ ಟ್ರೀ ಎಣ್ಣೆಯನ್ನು ಮೂರು ಬೆಕ್ಕುಗಳ ಮೈಗೂ ಹಚ್ಚಲಾಯಿತು. ಐದು ಗಂಟೆಗಳೊಳಗೆ ಒಂದು ಬೆಕ್ಕಿನ ಮೈ ತಣ್ಣಗಾಗಿ ನಿಲ್ಲಲಾರದಾಯಿತು. ಇನ್ನೊಂದು ಪ್ರಜ್ಞೆ ತಪ್ಪಿತು. ಮೂರನೆಯದು ಎಚ್ಚರದಿಂದಿದ್ದರೂ ಗಡಗಡನೆ ನಡುಗುತ್ತಿದ್ದಿತು. ವೈದ್ಯರು ಮೈ ತೊಳೆಸಿ, ಬೆಚ್ಚಗಿಟ್ಟು, ದ್ರಾವಣ ಹರಿಸಿ ಶಕ್ತಿಮೀರಿ ಹೋರಾಡಿದರು. ಎರಡು ಬದುಕಿದವು. ಒಂದು ಮೂರನೆಯ ದಿನ ಸತ್ತಿತು.

ಇದು ಒಂಟಿ ಘಟನೆಯೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಪ್ರಾಣಿವಿಷ ಮಾಹಿತಿ ಕೇಂದ್ರವೊಂದಕ್ಕೆ 2002ರಿಂದ 2012ರವರೆಗೆ ಬಂದ ದೂರುಗಳಲ್ಲಿ, ಶುದ್ಧ ಟೀ ಟ್ರೀ ಎಣ್ಣೆಯಿಂದ ಪೀಡಿತವಾದ 443 ನಾಯಿ ಬೆಕ್ಕುಗಳ ಲೆಕ್ಕವನ್ನು 2014ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಬೆಕ್ಕುಗಳು 106. ತಗುಲಿದ ಎಣ್ಣೆಯ ಪ್ರಮಾಣ 0.1 ಮಿಲಿಲೀಟರಿನಿಂದ, ಎಂದರೆ ಎರಡು ಹನಿಯಿಂದ, 85 ಮಿಲಿಲೀಟರಿನವರೆಗೆ. ವಯಸ್ಸು ಚಿಕ್ಕದಾದಷ್ಟೂ ಮೈತೂಕ ಕಡಮೆಯಾದಷ್ಟೂ ಬೆಕ್ಕಿನ ಕಾಯಿಲೆ ಉಗ್ರವಾಗಿದ್ದಿತು. ಓದುವವರ ಮನಸ್ಸನ್ನು ಕಲಕುವ ಅಂಕಿ ಮತ್ತೊಂದಿದೆ. ಸೀಸೆ ಉರುಳಿಯೋ ಕಣ್ತಪ್ಪಿಯೋ ಆದ ಅನಾಹುತಗಳು ನೂರಕ್ಕೆ ಹತ್ತರಷ್ಟು ಮಾತ್ರ. 443ರಲ್ಲಿ 395 ಪ್ರಾಣಿಗಳಿಗೆ ಎಣ್ಣೆಯನ್ನು ಬೇಕೆಂದೇ ಬಳಸಲಾಗಿದ್ದಿತು. ಚಿಗಟ ಹೋಗಲಿ, ಗಾಯ ಮಾಯಲಿ, ತುರಿಕೆ ನಿಲ್ಲಲಿ ಎಂದೇ ಸಾಮಾನ್ಯವಾಗಿ ಈ ಎಣ್ಣೆ ಹಚ್ಚುವುದು. ಎತ್ತಿ ಮುದ್ದಾಡಿದ ಕೈಗಳೇ ಹಚ್ಚಿದುವು.

ಇನ್ನು ಬೆಕ್ಕಿನ ಶುಚಿತ್ವವೇ ಅದಕ್ಕೆ ಶತ್ರುವಾಗುವ ಪರಿ. ನಾಯಿ ಕೆಸರಿನಲ್ಲಿ ಹೊರಳಿ ಹಾಗೆಯೇ ಒಳಗೆ ಬರುವುದುಂಟು. ಬೆಕ್ಕು ಮಾತ್ರ ಮಡಿವಂತೆ. ತುಪ್ಪುಳಿನ ಮೇಲೆ ಏನು ಬಿದ್ದರೂ ನೆಕ್ಕಿ ತೆಗೆಯುವವರೆಗೆ ಅದಕ್ಕೆ ಸಮಾಧಾನವಿಲ್ಲ. ಡಿಫ್ಯೂಸರಿನ ವಿಷಯದಲ್ಲಿ ಇದನ್ನು ಗಮನಿಸಬೇಕು. ಎಣ್ಣೆಯಲ್ಲಿ ಬೆತ್ತದ ಕಡ್ಡಿಗಳನ್ನು ನಿಲ್ಲಿಸಿಡುವ ಬಗೆಯದು ಆವಿಯನ್ನಷ್ಟೇ ಬಿಡುತ್ತದೆ. ಅದರ ಅಪಾಯ ಬೆಕ್ಕು ಸೀಸೆಯನ್ನು ಉರುಳಿಸುವುದರಲ್ಲಿ. ಮಂಜುಗರೆಯುವ ಯಂತ್ರವಾದರೋ ಎಣ್ಣೆಯನ್ನೇ ಕಣ್ಣಿಗೆ ಕಾಣದ ಹನಿಗಳಾಗಿ ಒಡೆದು ಎರಚುತ್ತದೆ. ಆ ಹನಿಗಳು ಮೇಜಿನ ಮೇಲೆ, ಮೆತ್ತೆಯ ಮೇಲೆ, ಮಲಗಿದ ಬೆಕ್ಕಿನ ತುಪ್ಪುಳಿನ ಮೇಲೆ ಇಳಿಯುತ್ತವೆ. ಹೀಗೆ ಮೂಗಿನಿಂದ ಒಂದು ಪಾಲು, ನಾಲಗೆಯಿಂದ ಇನ್ನೊಂದು ಪಾಲು ಒಳಸೇರುತ್ತದೆ. ಗಾಳಿಯಾಡುವ ದೊಡ್ಡ ಕೋಣೆಯಲ್ಲಿ ಸ್ವಲ್ಪ ಹೊತ್ತು ತೇಲಿಬಂದ ಪರಿಮಳದಿಂದ ಆರೋಗ್ಯವಂತ ಬೆಕ್ಕು ಸತ್ತುಬೀಳುವುದೆಂದು ಹೆದರಬೇಕಾಗಿಲ್ಲ. ಬಾಗಿಲು ಮುಚ್ಚಿದ ಚಿಕ್ಕ ಕೋಣೆ, ರಾತ್ರಿಯಿಡೀ ನಡೆಯುವ ಯಂತ್ರ, ಹೊರಹೋಗಲು ದಾರಿಯಿಲ್ಲದ ಬೆಕ್ಕು, ಈ ಮೂರೂ ಕೂಡಿದಾಗ ಕೇಡು. ಉಬ್ಬಸವಿರುವ ಬೆಕ್ಕಿಗೆ ಅಷ್ಟೂ ಬೇಕಿಲ್ಲ. ಊದುಕಡ್ಡಿಯ ಹೊಗೆಯೂ ಸಾಕು.

ಬೆಕ್ಕು ತಾನಾಗಿ ಎಲೆ ಬೇರುಗಳನ್ನು ಅರಸಿಕೊಂಡು ಹೋಗುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ಹೋಗುತ್ತದೆ. ಹಿತ್ತಿಲಿನಲ್ಲಿ ಕುಪ್ಪಿಗಿಡವನ್ನು ಬೇರುಸಹಿತ ಕಿತ್ತು ಹಾಕಿದರೆ ಬೆಕ್ಕುಗಳು ಅದರ ಮೇಲೆ ಹೊರಳಾಡಿ ಮೈಮರೆಯುವುದನ್ನು ಹಳ್ಳಿಯ ಮಕ್ಕಳು ಬಲ್ಲರು. ಆದರೆ ಬೇರನ್ನು ಮೂಸಿ ಮುಖ ತಿಕ್ಕುವುದು ಬೇರೆ, ಮೂಟೆಗಟ್ಟಲೆ ಎಲೆಯ ಸಾರವನ್ನು ಬೊಗಸೆಯಷ್ಟಾಗಿ ಇಳಿಸಿ ಮೈಗೆ ಬಳಿಯುವುದು ಬೇರೆ. ಅಂಗಳದ ತುಳಸಿಕಟ್ಟೆಯ ಬಳಿ ಮಲಗುವ ಬೆಕ್ಕಿಗೆ ಅಲ್ಲಿಂದ ಅಪಾಯವಿಲ್ಲ.

ಅಪಾಯದ ಸಾಮಾನುಗಳು ಮನೆಯೊಳಗೆ ಬೇರೆ ಇವೆ. ಬಚ್ಚಲಿಗೆ ಸುರಿಯುವ ಕರಿಯ ಫಿನಾಯಿಲಿನಲ್ಲಿ ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಫೀನಾಲ್ ಜಾತಿಯ ವಸ್ತುಗಳಿರುತ್ತವೆ. ಬಿಳಿಯದರಲ್ಲಿ ಸಾಮಾನ್ಯವಾಗಿ ಪೈನ್ ಮರದ ಎಣ್ಣೆ. ಒರೆಸಿದ ನೆಲ ಒಣಗುವ ಮುನ್ನ ಬೆಕ್ಕು ಅದರ ಮೇಲೆ ನಡೆದು, ಒಂದು ಮೂಲೆಯಲ್ಲಿ ಕುಳಿತು ನಾಲ್ಕು ಪಾದಗಳನ್ನೂ ಶ್ರದ್ಧೆಯಿಂದ ನೆಕ್ಕಿಕೊಳ್ಳುತ್ತದೆ. ಅಂಥ ಮನೆಗಳಲ್ಲಿ ಸಾಬೂನಿನ ನೀರು ಸಾಲದೆ? ದೇವರಮನೆಯ ಕರ್ಪೂರದ ಡಬ್ಬಿಗೆ ಮುಚ್ಚಳ ಬಿಗಿಯಾಗಿರಬೇಕು. ಸೀರೆಗಳ ನಡುವಣ ನುಸಿಗುಳಿಗೆ ಬೀರುವಿನ ಹೊರಗೆ ಉರುಳಬಾರದು. ನಾಯಿಯ ಚಿಗಟಕ್ಕೆಂದು ತಂದ ಪರ್ಮೆಥ್ರಿನ್ ಔಷಧವನ್ನು ಉಳಿಯಿತೆಂದು ಬೆಕ್ಕಿಗೆ ಹಚ್ಚುವುದು ಟೀ ಟ್ರೀ ಎಣ್ಣೆಗಿಂತ ಕಡಮೆಯ ತಪ್ಪಲ್ಲ. ಬೆಕ್ಕಿಗೆಂದೇ ತಯಾರಾದ ಚಿಗಟದ ಔಷಧಗಳು ಪಶುವೈದ್ಯರಲ್ಲಿ ದೊರೆಯುತ್ತವೆ. ಅಗ್ಗವೆಂಬ ಕಾರಣಕ್ಕೆ ಮನೆಮದ್ದಿಗೆ ಹೋಗಿ ಕೊನೆಗೆ ಆಸ್ಪತ್ರೆಗೆ ತೆತ್ತವರ ಲೆಕ್ಕ ಯಾವ ಜಾಹೀರಾತಿನಲ್ಲಿಯೂ ಬರುವುದಿಲ್ಲ.

ಟೀ ಟ್ರೀ ಎಣ್ಣೆಯ ವಿಷಲಕ್ಷಣಗಳು ತೋರುವುದು ಸಾಮಾನ್ಯವಾಗಿ 2ರಿಂದ 12 ಗಂಟೆಗಳೊಳಗೆ. ಮೂರು ದಿನದವರೆಗೂ ಅವು ಉಳಿಯಬಹುದು. ಜೊಲ್ಲು, ವಾಂತಿ, ಮಂಕು, ತೂರಾಟ, ನಡುಕ, ತಣ್ಣಗಾದ ಕಿವಿ ಪಾದಗಳು, ಉಸಿರಿನಲ್ಲಿ ಅಥವಾ ತುಪ್ಪುಳಿನಲ್ಲಿ ಎಣ್ಣೆಯ ವಾಸನೆ. ನಾಯಿ ಬಾಯಿ ತೆರೆದು ಏದುವುದು ಸಹಜ. ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಒಂದು ಗಳಿಗೆಯೂ ಕಾಯುವಂತಿಲ್ಲ.

ಆಗ ಮನೆಯವರಿಗೆ ಮೊದಲು ಹೊಳೆಯುವುದು ಹಾಲು. ವಿಷಕ್ಕೆ ಹಾಲು, ಇಲ್ಲವೆ ತುಪ್ಪ, ಇಲ್ಲವೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಹಳೆಯ ವಾಡಿಕೆ. ಇಲ್ಲಿ ಮೂರೂ ಕೂಡದು. ಜಿಡ್ಡಿನೊಡನೆ ಸಾರತೈಲ ಇನ್ನೂ ಸುಲಭವಾಗಿ ರಕ್ತಕ್ಕೆ ಸೇರಬಹುದು. ವಾಂತಿಯಾಗುವಾಗ ತೆಳ್ಳನೆಯ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಅದೇ ಬೇಗ ಕೊಲ್ಲುತ್ತದೆ. ಬೆಕ್ಕನ್ನು ಶುದ್ಧ ಗಾಳಿಗೆ ಒಯ್ಯಬೇಕು. ಮೈಮೇಲೆ ಎಣ್ಣೆಯಿದ್ದು, ಬೆಕ್ಕಿಗೆ ಎಚ್ಚರವಿದ್ದರೆ, ಪಾತ್ರೆ ತೊಳೆಯುವ ದ್ರವಸಾಬೂನಿನಿಂದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಬರಿಯ ನೀರಿಗೆ ಎಣ್ಣೆ ಬಿಡುವುದಿಲ್ಲ. ಒಡನೆಯೇ ಒರೆಸಿ, ಒಣಗಿಸಿ, ನೆಕ್ಕಿಕೊಳ್ಳದಂತೆ ಟವಲಿನಲ್ಲಿ ಸುತ್ತಿ ಬೆಚ್ಚಗಿಟ್ಟು ವೈದ್ಯರಲ್ಲಿಗೆ ಹೊರಡಬೇಕು. ಜೊತೆಗೆ ಸೀಸೆಯನ್ನೂ ಒಯ್ಯಬೇಕು. ಈ ವಿಷಗಳಿಗೆ ಒಂದು ಚುಚ್ಚುಮದ್ದಿನಲ್ಲಿ ಇಳಿಸುವ ಪ್ರತಿವಿಷವಿಲ್ಲ. ದ್ರಾವಣ, ಶಾಖ, ನಡುಕಕ್ಕೆ ಮದ್ದು, ಯಕೃತ್ತಿನ ಪರೀಕ್ಷೆ, ಹೀಗೆ ದೇಹ ತಾನೇ ನಿಧಾನವಾಗಿ ವಿಷವನ್ನು ಕಳೆಯುವವರೆಗೆ ವೈದ್ಯರು ಅದಕ್ಕೆ ಆಸರೆಯಾಗುತ್ತಾರೆ. ಯಾವ ಎಣ್ಣೆ, ಎಷ್ಟು, ಎಷ್ಟು ಹೊತ್ತಿನ ಕೆಳಗೆ ಎಂಬುದು ಗೊತ್ತಾದರೆ ಅವರ ಅರ್ಧ ಕೆಲಸ ಹಗುರವಾಗುತ್ತದೆ.

ಕಲ್ಪನೆಯ ಆ ಮನೆಗೆ ಮರಳುವುದಾದರೆ, ಸೀಸೆಯ ಮೇಲೆ ಮೊದಲು ಸಂಶಯಪಟ್ಟವನು ನೆಗಡಿಯ ಮೊಮ್ಮಗನೆಂದಿಟ್ಟುಕೊಳ್ಳಬಹುದು. “ಅಜ್ಜಿ, ಇದರ ಮೂತಿ ನಿಮ್ಮ ಎಣ್ಣೆ ಥರಾನೇ ವಾಸನೆ ಬರ್ತಿದೆ,” ಎಂದು ಅವನು ಹೇಳಿದ್ದೇ ಎಲ್ಲರಿಗೂ ಎಚ್ಚರವಾಯಿತು. ಬೆಕ್ಕು ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದು ಮೂರನೆಯ ದಿನ ಬುಟ್ಟಿಯಲ್ಲಿ ಕುಳಿತು ಮನೆಗೆ ಬಂದಿತು. ಡಿಫ್ಯೂಸರ್ ಅಟ್ಟಕ್ಕೇರಿತು. ಅಜ್ಜಿಯ ಮಂಡಿನೋವು ಮಾತ್ರ ಹಾಗೆಯೇ ಇದೆ. ಎಣ್ಣೆಯನ್ನು ಬಿಡಲು ಅವರು ಒಪ್ಪಲಿಲ್ಲ, ಬಿಡಬೇಕೆಂದು ಯಾರೂ ಒತ್ತಾಯಿಸಲೂ ಇಲ್ಲ. ಈಗ ಮಲಗುವ ಮುನ್ನ ಕೋಣೆಯ ಬಾಗಿಲು ಹಾಕಿಕೊಂಡು ಎಣ್ಣೆ ತೀಡುತ್ತಾರೆ, ಮಂಡಿಗೆ ಹಳೆಯ ಪಂಚೆಯ ಪಟ್ಟಿ ಸುತ್ತುತ್ತಾರೆ, ಬಿರಡೆ ಬಿಗಿದು ಸೀಸೆಯನ್ನು ಬೀರುವಿನಲ್ಲಿಡುತ್ತಾರೆ, ಕೈಗಳನ್ನು ಸಾಬೂನಿನಲ್ಲಿ ಎರಡು ಸಲ ತೊಳೆಯುತ್ತಾರೆ. ಬೆಕ್ಕು ಬಾಗಿಲಿನಾಚೆ ಕುಳಿತು ಕೂಗುತ್ತಿರುತ್ತದೆ. “ಇರು ಮಾರಾಯ್ತಿ, ಬೆಳಗಾಗಲಿ,” ಎಂದು ಒಳಗಿನಿಂದ ಉತ್ತರ ಬರುತ್ತದೆ.